ಬೆರಳ ಮೇಲಿನ ಬೆಳ್ಳಿ

ತಗಡೂರಿನ ಮತಗಟ್ಟೆಯೊಂದರಲ್ಲಿ ನಾನು ಒಮ್ಮೆ ಚುನಾವಣಾ ಕರ್ತವ್ಯದಲ್ಲಿದ್ದೆ. ವೃದ್ಧೆಯೊಬ್ಬರ ಬೆರಳಿಗೆ ಹಚ್ಚಿದ ಶಾಯಿ ನಿಲ್ಲದೆ ಜಾರಿತು. ಕೈಯಲ್ಲಿ ತಲೆಗೆಣ್ಣೆಯ ಜಿಡ್ಡಿತ್ತು. "ಗುರ್ತು ಬೀಳ್ದಿದ್ರೆ ಓಟು ಹಾಕಕ್ಕೆ ಬಿಡಲ್ವಾ ಮೇಷ್ಟ್ರೇ?" ಎಂದು ಅವರು ಗಾಬರಿಯಾದರು. ಬಟ್ಟೆಯಿಂದ ಬೆರಳು ಒರೆಸಿ ಮತ್ತೆ ಹಚ್ಚಿದೆ, ನಿಂತಿತು.

ಆ ಶಾಯಿ ನಮ್ಮ ಮೈಸೂರಿನದೇ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಮಹಾಚುನಾವಣೆಯಿಂದ ಅದು ಈ ಶಾಯಿಯನ್ನು ಒದಗಿಸುತ್ತಿದೆ. ಸೂತ್ರ ರೂಪಿಸಿದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ.

ಶಾಯಿಯ ಜೀವಾಳ ಸಿಲ್ವರ್ ನೈಟ್ರೇಟ್. ಅದು ಬೆವರಿನ ಉಪ್ಪಿನೊಡನೆ ಕೂಡಿ, ನೀರಿನಲ್ಲಿ ಕರಗದ ಸೂಕ್ಷ್ಮ ಹರಳುಗಳ ಪೊರೆಯಾಗುತ್ತದೆ. ಬೆಳಕು ತಾಗಿದಂತೆ ಕಪ್ಪಾಗುತ್ತದೆ. ದ್ರಾವಣದಲ್ಲಿರುವ ಆಲ್ಕೋಹಾಲ್ ಬೇಗ ಆವಿಯಾಗುವುದರಿಂದ ಒರೆಸಿಕೊಳ್ಳಲು ವೇಳೆಯೇ ಸಿಗದು. ಬರಿಯ ನೀರಾಗಿದ್ದರೆ ಅಷ್ಟು ಬೇಗ ಆರುತ್ತಿರಲಿಲ್ಲ.

ಹಚ್ಚುವ ಕ್ರಮವೂ ಮುಖ್ಯ. ಮೊದಲು ಉಗುರು ಚರ್ಮ ಕೂಡುವೆಡೆ ಗುರುತು ಹಾಕುತ್ತಿದ್ದೆವು. 2006ರಿಂದ ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಗೆರೆ. ಚರ್ಮದ ಕಲೆ ಬೇಗ ಮಾಸುತ್ತದೆ. ಉಗುರಿನದು ಉಗುರು ಬೆಳೆದೇ ಹೋಗಬೇಕು.

ಒಬ್ಬರಿಗೆ ಒಂದೇ ಮತ ಎಂಬ ನಿಯಮವನ್ನು ಕಾಯುವುದು ಈ ತೆಳು ಪೊರೆ. ಅದು ನಿಲ್ಲಬೇಕಾದರೆ ಮೊದಲು ಜಿಡ್ಡು ಒರೆಸಬೇಕು. ಪಾಠದ ಪುಸ್ತಕದಲ್ಲಿಲ್ಲದ ಈ ಮಾತನ್ನು ನನಗೆ ಕಲಿಸಿದವರು ಆ ಅಜ್ಜಿ.