ಮೊದಲ ಮೆಟ್ಟಿಲು

ಬಸ್ ಕಂಪನಿಯವರು ಹೊಸ ಗಾಡಿ ಆರಿಸುವುದೆಂದರೆ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ದೊಡ್ಡ ಗಲಾಟೆ. ನಮ್ಮಪ್ಪ ಸಾಗರದ ಒಂದು ಖಾಸಗಿ ಬಸ್ ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಗಾಡಿ ಕೊಳ್ಳುವ ವರ್ಷ ಧಣಿಗಳು, ಹಿರಿಯ ಡ್ರೈವರು, ಗ್ಯಾರೇಜಿನ ಮೇಸ್ತ್ರಿ ಎಲ್ಲರೂ ನಮ್ಮ ಜಗಲಿಯಲ್ಲಿ ಕೂತು, ಟಾಟಾವೋ ಲೇಲ್ಯಾಂಡೋ ಎಂದು ರಾತ್ರಿ ಹನ್ನೊಂದರವರೆಗೆ ವಾದಿಸುತ್ತಿದ್ದರು. ಅಮ್ಮನಿಗೆ ಮೂರು ಸಲ ಕಾಫಿ ಕಾಸುವ ಕೆಲಸ.

ಬಸ್ಸಿನ ಚರಿತ್ರೆ ನಾನು ಕಲಿತದ್ದು ಆ ಜಗಲಿಯಲ್ಲೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ, ಬಸ್ಸಿನ ಹಿಂಬದಿಗೆ ಇದ್ದಿಲಿನ ಒಲೆ ಕಟ್ಟಿ ಅದರ ಅನಿಲದಿಂದ ಓಡಿಸುತ್ತಿದ್ದರಂತೆ. ಹೊರಡುವ ಮುಂಚೆ ಕ್ಲೀನರ್ ಬೆವರು ಸುರಿಸಿ ಗಾಳಿಚಕ್ರ ತಿರುಗಿಸಬೇಕು. ಏರು ಬಂದರೆ ಜನ ಇಳಿದು ನಡೆಯಬೇಕು. ಆಗ ಓಡಿದ್ದೇ ಬಸ್ಸು, ಆಯ್ಕೆಯ ಮಾತೆಲ್ಲಿ! 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ತನ್ನದೇ ಸಾರಿಗೆ ಇಲಾಖೆ ಆರಂಭಿಸಿತು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಕಂಪನಿಯ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಡೀಸೆಲ್ ಗಾಡಿ ತಯಾರಿಸತೊಡಗಿದರು. ಮದರಾಸಿನ ಅಶೋಕ್ ಮೋಟರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಜಗಲಿಯ ವಾದಕ್ಕೆ ಮೂಲ ಇದೇ.

ಆದರೆ ಎರಡರಲ್ಲಿ ಯಾವುದನ್ನು ತಂದರೂ, ನಾವು ಬಸ್ಸೆಂದು ಹತ್ತುತ್ತಿದ್ದದ್ದು ಲಾರಿಯನ್ನೇ. ಕಾರ್ಖಾನೆಯವರು ಮಾರುತ್ತಿದ್ದದ್ದು ಬರಿಯ ಚಾಸಿ: ಎಂಜಿನ್ನು, ಉಕ್ಕಿನ ಚೌಕಟ್ಟು, ಚಕ್ರ. ಡ್ರೈವರು ತಲೆಗೆ ಟವೆಲು ಸುತ್ತಿಕೊಂಡು ಆ ಅಸ್ಥಿಪಂಜರವನ್ನು ನೂರಾರು ಮೈಲಿ ಓಡಿಸಿಕೊಂಡು ಬರಬೇಕು. ಆಮೇಲೆ ಬಾಡಿ ಕಟ್ಟುವ ಷೆಡ್ಡಿನಲ್ಲಿ ಅದಕ್ಕೆ ತಗಡು, ಕಿಟಕಿ, ಸೀಟು. ಧಣಿಗಳ ಲೆಕ್ಕವೂ ತಪ್ಪಲ್ಲ. ಲಾರಿಯ ಚಾಸಿ ನಮ್ಮ ರಸ್ತೆಯ ಗುಂಡಿಗಳನ್ನು ತಡೆಯುತ್ತದೆ, ಬಿಡಿಭಾಗ ಎಲ್ಲೂ ಸಿಗುತ್ತದೆ, ಯಾವ ಊರಿನ ಮೇಸ್ತ್ರಿಗೂ ರಿಪೇರಿ ಗೊತ್ತು. ಆದರೆ ಎಂಜಿನ್ನು ಮುಂದೆ, ಅದು ತಿರುಗಿಸುವ ಚಕ್ರ ಹಿಂದೆ. ನಡುವಿನ ಉದ್ದನೆಯ ಷಾಫ್ಟು, ಚೌಕಟ್ಟು ಎರಡೂ ನೆಲದಡಿಯಲ್ಲಿ ಇರಬೇಕು. ಹಾಗಾಗಿ ಬಸ್ಸಿನ ನೆಲ ಮೂರಡಿಗೂ ಮೇಲಕ್ಕೆ ಹೋಯಿತು.

ಒಂದು ರಾತ್ರಿ ಕಾಫಿ ತಂದಿಟ್ಟ ಅಮ್ಮ ಕೇಳಿಯೇ ಬಿಟ್ಟಳು: "ಅಲ್ಲಾ ರೀ, ಮೈಲೇಜು ಕೇಳ್ತೀರಿ, ಟಯರು ಕೇಳ್ತೀರಿ. ಮೆಟ್ಟಿಲು ಎಷ್ಟು ಎತ್ತರ ಅಂತ ಒಬ್ಬರಾದ್ರೂ ಕೇಳಿದ್ರಾ?"

ಧಣಿಗಳು ನಕ್ಕರು. "ತಗ್ಗಿಸಿದ್ರೆ ರಸ್ತೆಗೆ ತಾಗ್ತದಮ್ಮಾ."

ಆ ಸಲ ಆಯುಧಪೂಜೆಗೆ ಗ್ಯಾರೇಜಿಗೆ ಹೋದಾಗ ಅಮ್ಮ ಬ್ಲೌಸ್ ಹೊಲಿಯುವ ಟೇಪನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಮಾಲೆ ಹಾಕಿದ ಬಸ್ಸಿನ ಮೊದಲ ಮೆಟ್ಟಿಲು ಅಳೆದಳು. ನೆಲದಿಂದ 18 ಇಂಚು! ಸೀರೆ ಮೊಣಕಾಲವರೆಗೆ ಎತ್ತದೆ, ಕಂಕುಳಲ್ಲಿ ಮಗುವಿಟ್ಟುಕೊಂಡು, ಆ ಎತ್ತರ ಹತ್ತುವುದು ಹೇಗೆಂದು ಯಾವ ಲೆಕ್ಕದ ಪುಸ್ತಕದಲ್ಲೂ ಬರೆದಿರಲಿಲ್ಲ. ಅಪ್ಪನ ಪುಸ್ತಕದಲ್ಲಿ ಡೀಸೆಲಿಗೆ ಒಂದು ಕಲಂ, ಟಯರಿಗೆ ಒಂದು ಕಲಂ ಇತ್ತು.

ಎಂಜಿನ್ನನ್ನು ಹಿಂದಕ್ಕೆ ಹಾಕಿದರೆ ನೆಲ ತಗ್ಗಿಸಬಹುದೆಂಬುದು ವಿದೇಶಗಳಲ್ಲಿ ಹಳೆಯ ಸಂಗತಿ. ಬೆಂಗಳೂರಿನ ರಸ್ತೆಗೆ ಅಂಥ ವೋಲ್ವೊ ನಗರ ಬಸ್ಸು ಬಂದದ್ದು 2006ರ ಸುಮಾರಿಗೆ. ತಗ್ಗು ನೆಲದ ಬಸ್ಸೆಂದರೆ ಒಳಗಿನ ನೆಲವೇ ಸುಮಾರು 400 ಮಿಲಿಮೀಟರ್, ಅಂದರೆ 16 ಇಂಚು. ಅಮ್ಮ ಅಳೆದ ಮೊದಲ ಮೆಟ್ಟಿಲಿಗಿಂತ ಇಡೀ ಬಸ್ಸೇ ಕೆಳಗೆ! ನನ್ನ ಮನೆಗೆ ಬಂದಿದ್ದಾಗ ಅವಳನ್ನು ಅದರಲ್ಲಿ ಕರೆದೊಯ್ದೆ. ಯಾರ ಕೈಯೂ ಹಿಡಿಯದೆ ಹತ್ತಿ ಕೂತವಳು, "ಈ ಗಾಡಿ ಆರಿಸಿದೋರ ಮನೇಲಿ ಮುದುಕಿ ಇದ್ದಿರಬೇಕು" ಎಂದಳು. ಟಿಕೇಟಿನ ದರ ಕೇಳಿದ ಮೇಲೆ ಮಾತ್ರ ಸುಮ್ಮನಾದಳು.

2009ರಿಂದ ಕೇಂದ್ರ ಸರ್ಕಾರ ನಗರಗಳಿಗೆ ಬಸ್ಸು ಕೊಳ್ಳಲು ಹಣ ಕೊಟ್ಟಾಗ ನೆಲದ ಎತ್ತರವನ್ನೂ ನಮೂದಿಸಿತು. ಬೆಂಗಳೂರಿನ ಈಚಿನ ವಿದ್ಯುತ್ ಬಸ್ಸುಗಳಲ್ಲೂ ತಗ್ಗಿನವು ಇವೆ. ಊರಿಂದೂರಿಗೆ ಓಡುವ ಸಾಮಾನ್ಯ ಬಸ್ಸುಗಳ ಕಥೆ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಉಚಿತವಾದದ್ದು ಆ ಬಸ್ಸುಗಳೇ. ಹವಾನಿಯಂತ್ರಿತ ವೋಲ್ವೊ ಅದರೊಳಗೆ ಬರಲಿಲ್ಲ.

ಮೊನ್ನೆ ಸಾಗರದ ನಿಲ್ದಾಣದಲ್ಲಿ ಶಿವಮೊಗ್ಗದ ಬಸ್ಸು ಹತ್ತಿದೆ. ಈಗ ನನಗೂ ಮಂಡಿನೋವು. ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೇಟು ಹರಿದು ಕೊಟ್ಟ. ಹತ್ತಿಸಲು ಮಾತ್ರ ಹಿಂದಿನಿಂದ ಇಬ್ಬರು ನೂಕಬೇಕಾಯಿತು.