ಶಿವಗಂಗೆಯ ಶಿಲ್ಪಾರ್ಥ

ನೆಲಮಂಗಲ ತಾಲೂಕಿನ ಶಿವಗಂಗೆಯಲ್ಲಿ ಶಿಲ್ಪಾರ್ಥವನ್ನು ಅರಸುವವರು ಗುಡಿಯ ಕಂಬಗಳಿಂದಲ್ಲ, ಬೆಟ್ಟದಿಂದಲೇ ಆರಂಭಿಸುವುದು ಯುಕ್ತ. ಮೂಡಣದಿಂದ ನೋಡಿದರೆ ಅದು ನಂದಿ, ಪಡುವಣದಿಂದ ಗಣಪತಿ, ತೆಂಕಣದಿಂದ ಲಿಂಗ, ಬಡಗಣದಿಂದ ಹೆಡೆಯೆತ್ತಿದ ಸರ್ಪವೆಂಬುದು ಜನರ ನಂಬುಗೆ. ಉಳಿ ಸೋಂಕದ ಬಂಡೆಯನ್ನು ಭಕ್ತರ ಕಣ್ಣೇ ಹೀಗೆ ಕಡೆದಿದೆ.

ಧುಮ್ಮಿಕ್ಕುವ ಗಂಗೆಯನ್ನು ಜಟೆಯಲ್ಲಿ ತಡೆದು ಲೋಕಹಿತಕ್ಕಾಗಿ ಇಳಿಸಿದವನು ಗಂಗಾಧರ. ತಿರುಚಿರಾಪಳ್ಳಿಯ ಪಲ್ಲವ ಗುಹೆಯಲ್ಲಿ ಈ ಪ್ರಸಂಗವು ಭವ್ಯವಾದ ಉಬ್ಬುಶಿಲ್ಪವಾಗಿದೆ. ಶಿವಗಂಗೆಯ ಗುಹಾಲಯದಲ್ಲಾದರೋ ಗಂಗಾಧರೇಶ್ವರನು ಲಿಂಗರೂಪಿ. ಕಥೆಯ ಉಳಿದ ಭಾಗವನ್ನು ಹೇಳುವುದು ಮೇಲಣ ಒಳಕಲ್ಲು ತೀರ್ಥ. ಬಂಡೆಯ ಕುಳಿಯಲ್ಲಿ ತೋಳು ಇಳಿಬಿಟ್ಟು ಯಾತ್ರಿಕರು ನೀರನ್ನು ಮುಟ್ಟಿ ನೋಡುತ್ತಾರೆ. ಕಲ್ಲೇ ಜಟೆ, ಅದರೊಳಗೆ ಅಡಗಿದ ನೀರೇ ಗಂಗೆ. ಮಕರ ಸಂಕ್ರಾಂತಿಯಂದು ಗಂಗಾಧರೇಶ್ವರ-ಹೊನ್ನಾದೇವಿಯರ ಕಲ್ಯಾಣಕ್ಕೂ ಬೆಟ್ಟದ ಮೇಲಿನ ತೀರ್ಥವೇ ಬರಬೇಕು.

ಈ ಭಾವನೆ ಇತ್ತೀಚಿನದಲ್ಲ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಕ್ರಿ.ಶ. 1131ರಲ್ಲಿ ಇಲ್ಲಿ ಮುಡಿಪಿದ ಸಂಗತಿಯನ್ನು ತಿಳಿಸುವ ಶ್ರವಣಬೆಳಗೊಳದ ಜೈನಶಾಸನವು ಸ್ಥಳವನ್ನು ತೀರ್ಥವೆಂದೇ ಕರೆದಿದೆ. (ಅವಳು ಬೆಟ್ಟದಿಂದ ಹಾರಿದಳೆಂಬ ಕಥೆಗೆ ಆ ಶಾಸನದಲ್ಲಿ ಆಧಾರವಿಲ್ಲ.) ಶಿಲ್ಪವು ಈ ತೀರ್ಥವನ್ನೂ ಬೆಟ್ಟವನ್ನೂ ಅನುಸರಿಸಿತು. ಶಿಖರದ ನಂದಿ ಹೊತ್ತು ತಂದು ನಿಲ್ಲಿಸಿದುದಲ್ಲ. ಅಲ್ಲಿಯ ಬಂಡೆಯಲ್ಲಿಯೇ ಕಡೆದುದು. ದೂರದಿಂದ ಕಣ್ಣು ಊಹಿಸಿದ ನಂದಿಯನ್ನು ಶಿಲ್ಪಿಯ ಉಳಿ ಅಲ್ಲಿ ಸ್ಫುಟಗೊಳಿಸಿದೆ.