ಚರ್ಚ್ ಇಲ್ಲದ 250 ವರ್ಷ: ನಾಗಸಾಕಿಯ ಮನೆಗಳು ಕಾಪಾಡಿದ ನಂಬಿಕೆ

ಭಾಗ 1/5

ಫ್ರೆಂಡ್ಸ್, ಈ ಸಲದ ಸರಣಿ ಜಪಾನಿನ ನಾಗಸಾಕಿ ಬಗ್ಗೆ. ಬಾಂಬ್ ಕಥೆ ಎಲ್ಲರಿಗೂ ಗೊತ್ತು, ಇದು ಅದಕ್ಕಿಂತ ತುಂಬಾ ಹಳೇದು. ಒಂದು ಪ್ರಶ್ನೆ ತಲೇಲಿ ಇಟ್ಕೊಂಡು ಓದಿ: ಚರ್ಚ್ ಇಲ್ಲ, ಪಾದ್ರಿ ಇಲ್ಲ, ಸಿಕ್ಕಿಬಿದ್ರೆ ಜೀವವೇ ಹೋಗಬಹುದು. ಇಂಥ ಊರಲ್ಲಿ ಅಪ್ಪ ಅಮ್ಮ ತಮ್ಮ ನಂಬಿಕೆಯನ್ನ ಮಕ್ಕಳಿಗೆ ಕಲಿಸೋದು ಹೇಗೆ? ಅದೂ ಏಳೆಂಟು ತಲೆಮಾರು?

1549ರ ಆಗಸ್ಟ್ 15ರಂದು ಫ್ರಾನ್ಸಿಸ್ ಕ್ಸೇವಿಯರ್ ಜಪಾನಿನ ಕಾಗೊಶಿಮಾದಲ್ಲಿ ಬಂದಿಳಿದರು. ಹಳೇ ಗೋವಾದ ಬೊಮ್ ಜೀಸಸ್ ಬೆಸಿಲಿಕಾದಲ್ಲಿ ಯಾರ ಪಾರ್ಥಿವ ಶರೀರ ಇದೆಯೋ ಅವರೇ. ಮುಂದಿನ ಐವತ್ತು ಅರವತ್ತು ವರ್ಷಗಳಲ್ಲಿ ಲಕ್ಷಗಟ್ಟಲೆ ಜಪಾನಿಯರು ಕ್ರೈಸ್ತರಾದರು. ಆಗ ಆಳುವವರಿಗೆ ಅನುಮಾನ ಶುರುವಾಯ್ತು: ಇವರು ನಮ್ಮ ಮಾತು ಕೇಳ್ತಾರಾ, ಇಲ್ಲಾ ಸ್ಪೇನ್, ಪೋರ್ಚುಗಲ್‌ನವರ ಮಾತು ಕೇಳ್ತಾರಾ?

1597ರ ಫೆಬ್ರವರಿ 5ರಂದು, ಹಿದೆಯೋಶಿಯ ಆಜ್ಞೆಯಂತೆ 26 ಮಂದಿಯನ್ನು ನಾಗಸಾಕಿಯ ನಿಶಿಜಾಕಾ ಗುಡ್ಡದಲ್ಲಿ ಶಿಲುಬೆಗೇರಿಸಿದರು. ಅವರಲ್ಲಿ ತೋಮಸ್ ಕೊಜಾಕಿ ಅನ್ನೋ ಹುಡುಗನಿಗೆ ಬರೀ 14 ವರ್ಷ. ಅಪ್ಪ ಮಿಗೆಲ್ ಕೂಡ ಜೊತೆಗೇ ಪ್ರಾಣ ಬಿಟ್ಟ. ಸಾಯೋಕೆ ಕರ್ಕೊಂಡು ಹೋಗೋ ದಾರೀಲಿ ತೋಮಸ್ ಅಮ್ಮನಿಗೆ ಒಂದು ಕಾಗದ ಬರೆದಿದ್ದ. ಇಬ್ಬರು ತಮ್ಮಂದಿರನ್ನ ಬೇರೆ ನಂಬಿಕೆಯವರ ಕೈಗೆ ಒಪ್ಪಿಸಬೇಡ, ನೀನೇ ನೋಡ್ಕೋ ಅಂತ ಅದರಲ್ಲಿ ಕೇಳ್ಕೊಂಡಿದ್ದ.

ಮುಂದೆ ಆಗೋದಕ್ಕೆಲ್ಲ ಈ ಕಾಗದವೇ ಮುನ್ಸೂಚನೆ ಥರ ಇದೆ. ಇನ್ಮೇಲೆ ಎಲ್ಲಾ ಭಾರ ಮನೆ ಮೇಲೆ, ಅದರಲ್ಲೂ ಅಮ್ಮನ ಮೇಲೆ.

ಭಾಗ 2/5

1614ರಲ್ಲಿ ತೊಕುಗಾವಾ ಸರ್ಕಾರ ಇಡೀ ದೇಶದಲ್ಲಿ ಕ್ರೈಸ್ತ ಧರ್ಮವನ್ನು ನಿಷೇಧಿಸಿ, ವಿದೇಶಿ ಪಾದ್ರಿಗಳನ್ನು ಹೊರಗೆ ಹಾಕಿತು. ಅಡಗಿಕೊಂಡು ಉಳಿದವರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. 1644ರಲ್ಲಿ ಕೊನೆಯ ಜಪಾನಿ ಪಾದ್ರಿ ಕೊನಿಶಿ ಮಾನ್ಶೋ ಅವರನ್ನೂ ಕೊಂದರು. ಬಲಿಪೂಜೆ ನಿಂತಿತು, ಪಾಪನಿವೇದನೆ ನಿಂತಿತು.

ಪ್ರತಿ ಕುಟುಂಬವೂ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಲೇಬೇಕಿತ್ತು. ನಾಗಸಾಕಿಯಲ್ಲಿ ಪ್ರತಿ ಹೊಸ ವರ್ಷಕ್ಕೆ ಅಧಿಕಾರಿಗಳು ಯೇಸು ಅಥವಾ ಮರಿಯಮ್ಮನ ಚಿತ್ರ ಇರೋ ಒಂದು ಫಲಕ ತರ್ತಿದ್ರು. ಅದರ ಹೆಸರು ಫುಮಿಎ. ಮನೆಯವರೆಲ್ಲ ಅದನ್ನ ಕಾಲಲ್ಲಿ ತುಳಿಯಬೇಕು. ಇನ್ನೂ ನಡೆಯೋಕೆ ಬಾರದ ಮಗುವನ್ನ ಅಮ್ಮ ಎತ್ತಿ ಹಿಡಿದು ಅದರ ಪಾದ ತಾಗಿಸಬೇಕು.

ಈಗ ಆ ಅಮ್ಮನ ಜಾಗದಲ್ಲಿ ನಿಂತು ಯೋಚಿಸಿ. ಮಗುವಿಗೆ ನಂಬಿಕೆ ಕಲಿಸಿದ್ರೆ, ಅದು ಎಲ್ಲೋ ಆಟ ಆಡ್ತಾ ಬಾಯಿ ಬಿಟ್ರೆ ಇಡೀ ಊರೇ ಮುಗೀತು. ಕಲಿಸದೇ ಇದ್ರೆ, ನಿನ್ನ ತಲೆಮಾರಿಗೇ ಎಲ್ಲಾ ಮುಗೀತು.

ನಮ್ಮ ಅಕೌಂಟೆನ್ಸಿ ಭಾಷೇಲಿ ಹೇಳೋದಾದ್ರೆ, ಅವರು ಎರಡು ಪುಸ್ತಕ ಇಟ್ರು. ಒಂದು ದೇವಾಲಯದ ರಿಜಿಸ್ಟರ್, ಸರ್ಕಾರಕ್ಕೆ ತೋರಿಸೋಕೆ. ಇನ್ನೊಂದು ಮನೆಯೊಳಗೆ. ಫುಮಿಎ ತುಳಿದ ದಿನ ಮನೆಗೆ ಬಂದು ಪಶ್ಚಾತ್ತಾಪದ ಪ್ರಾರ್ಥನೆ ಹೇಳ್ತಿದ್ರು. ಪಾದ್ರಿ ಇಲ್ಲದಿದ್ರೂ ಮನಸಾರೆ ಪಶ್ಚಾತ್ತಾಪ ಪಟ್ರೆ ದೇವರು ಕ್ಷಮಿಸ್ತಾನೆ ಅನ್ನೋ ಬೋಧನೆ ಅವರಿಗೆ ಮೊದಲೇ ಸಿಕ್ಕಿತ್ತು. ಅದೇ ಅವರನ್ನ ಉಳಿಸ್ತು.

ಭಾಗ 3/5

ಹಾಗಾದ್ರೆ ಮನೇಲಿ ಏನೇನು ನಡೀತಿತ್ತು?

ಮೊದಲು ಕ್ಯಾಲೆಂಡರ್. ಸೊತೊಮೆ ಕಡೆ 1634ರ ಹಬ್ಬಗಳ ಪಟ್ಟಿಯೊಂದು ಕೈಯಿಂದ ಕೈಗೆ ನಕಲಾಗ್ತಾ ಬಂತು. ಬಾಸ್ಟಿಯನ್ ಕ್ಯಾಲೆಂಡರ್ ಅಂತ ಅದಕ್ಕೆ ಹೆಸರು. ಅದನ್ನ ನೋಡ್ಕೊಳ್ಳೋಕೆ ಒಬ್ಬ, ಹುಟ್ಟಿದ ಮಗುವಿಗೆ ನೀರು ಹಾಕಿ ದೀಕ್ಷಾಸ್ನಾನ ಕೊಡೋಕೆ ಒಬ್ಬ, ಈ ವಾರ ಏನಿದೆ ಅಂತ ಮನೆಮನೆಗೆ ಸುದ್ದಿ ಮುಟ್ಟಿಸೋಕೆ ಒಬ್ಬ. ಇವರೆಲ್ಲ ರೈತರು, ಮೀನುಗಾರರು. ಹಬ್ಬದ ದಿನ ಸೂಜಿ ಹಿಡಿಯೋ ಹಾಗಿಲ್ಲ, ಹೊಲಕ್ಕೆ ಗೊಬ್ಬರ ಹಾಕೋ ಹಾಗಿಲ್ಲ. ಹೊರಗಿನವರಿಗೆ ಏನೂ ಗೊತ್ತಾಗಲ್ಲ. ಆದ್ರೆ ಅಮ್ಮ ಇವತ್ತು ಯಾಕೆ ಹೊಲಿಗೆ ಮುಟ್ಲಿಲ್ಲ ಅನ್ನೋದು ಮನೆಯ ಮಗುವಿಗೆ ಗೊತ್ತಾಗುತ್ತೆ.

ಎರಡನೇದು ಪ್ರಾರ್ಥನೆ. ಅದನ್ನ ಒರಾಶೋ ಅಂತಾರೆ, ಲ್ಯಾಟಿನ್‌ನ ಒರಾಸಿಯೋ ಪದದಿಂದ ಬಂದಿದ್ದು. ಲ್ಯಾಟಿನ್, ಪೋರ್ಚುಗೀಸ್, ಜಪಾನಿ ಎಲ್ಲ ಬೆರೆತ ಪ್ರಾರ್ಥನೆ. ದೊಡ್ಡವರು ಹೇಳೋದನ್ನ ಕೇಳಿ ಕೇಳಿ ಚಿಕ್ಕವರು ಬಾಯಿಪಾಠ ಮಾಡ್ತಿದ್ರು.

ಮೂರನೇದು ಮನೆಯ ಮೂಲೆ. ಚೀನಾದಿಂದ ಬಂದ ಬಿಳಿ ಪಿಂಗಾಣಿಯ ಕನ್ನೊನ್ ಮೂರ್ತಿ ಹೊರಗಿನವರ ಕಣ್ಣಿಗೆ ಬೌದ್ಧರ ಕರುಣೆಯ ದೇವತೆ, ಮನೆಯವರಿಗೆ ಮರಿಯಮ್ಮ. ಇಕಿತ್ಸುಕಿ ದ್ವೀಪದಲ್ಲಿ ಪವಿತ್ರ ಚಿತ್ರಗಳನ್ನ ಹಿಂದಿನ ಕೋಣೇಲಿ ಬಚ್ಚಿಡ್ತಿದ್ರು. ಹಬ್ಬದ ದಿನ ಅದರ ಮುಂದೆ ಅಕ್ಕಿಯ ಮದ್ಯ, ಮೀನು ಇಟ್ಟು, ಪ್ರಾರ್ಥನೆ ಮಾಡಿ, ಆಮೇಲೆ ಎಲ್ಲರೂ ಕೂತು ಊಟ.

ನಮ್ಮ ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಸಂಜೆ ತೇರ್ಸ್ ಹೇಳೋದು, ಸೆಪ್ಟೆಂಬರ್ 8ರ ಮೋಂತಿ ಫೆಸ್ತ್‌ಗೆ ಮಕ್ಕಳು ಒಂಬತ್ತು ದಿನ ಹೂ ಕೊಯ್ದು ತರೋದು, ಹೊಸ ತೆನೆಯ ಊಟ ಮಾಡೋದು, ಇದೆಲ್ಲ ನೋಡಿದವರಿಗೆ ವಿಷಯ ತಕ್ಷಣ ಅರ್ಥ ಆಗುತ್ತೆ. ಮಗುವಿನ ಕೈಗೆ ಏನಾದ್ರೂ ಒಂದು ಕೆಲಸ ಕೊಡಬೇಕು. ಉಪದೇಶ ಮರೆತುಹೋಗುತ್ತೆ, ಹೂ ಕೊಯ್ದಿದ್ದು ಮರೆಯಲ್ಲ.

ಭಾಗ 4/5

1865, ಮಾರ್ಚ್ 17. ಜಪಾನ್ ಬಾಗಿಲು ತೆರೆದ ಮೇಲೆ ನಾಗಸಾಕಿಯಲ್ಲಿ ವಿದೇಶಿಯರಿಗಾಗಿ ಔರಾ ಚರ್ಚ್ ಕಟ್ಟಿದ್ರು. ಜಪಾನಿಯರಿಗೆ ನಿಷೇಧ ಇನ್ನೂ ಇತ್ತು. ಅವತ್ತು ಉರಾಕಾಮಿ ಹಳ್ಳಿಯ ಒಂದಿಷ್ಟು ಜನ ಚರ್ಚ್ ನೋಡೋಕೆ ಬಂದವರ ಹಾಗೆ ಬಂದ್ರು. ಅವರಲ್ಲೊಬ್ಬ ಹೆಂಗಸು ಫ್ರೆಂಚ್ ಪಾದ್ರಿ ಬರ್ನಾರ್ಡ್ ಪೆತಿಜಾನ್ ಹತ್ತಿರ ಬಂದು, ನಿಮ್ಮ ಮನಸ್ಸಲ್ಲಿ ಇರೋದೇ ನಮ್ಮ ಮನಸ್ಸಲ್ಲೂ ಇದೆ ಅನ್ನೋ ಅರ್ಥದ ಮಾತನ್ನ ಮೆಲ್ಲಗೆ ಹೇಳಿದ್ರು. ಆಮೇಲೆ ಮರಿಯಮ್ಮನ ಪ್ರತಿಮೆ ಎಲ್ಲಿದೆ ಅಂತ ಕೇಳಿದ್ರು.

ಪಾದ್ರಿಗೆ ದಂಗುಬಡಿದ ಹಾಗಾಯ್ತು. ಬಂದವರು ಇನ್ನೊಂದು ಮಾತು ಹೇಳಿದ್ರು: ನಾವೀಗ ದುಃಖದ ಕಾಲದ ಹದಿನೇಳನೇ ದಿನದಲ್ಲಿದ್ದೇವೆ.

ಲೆಕ್ಕ ಹಾಕಿ ನೋಡಿ. ಆ ವರ್ಷ ತಪಸ್ಸುಕಾಲ ಶುರುವಾಗಿದ್ದು ಮಾರ್ಚ್ 1ಕ್ಕೆ. ಮಾರ್ಚ್ 17 ಅಂದ್ರೆ ಸರಿಯಾಗಿ ಹದಿನೇಳನೇ ದಿನ! ಪ್ರತಿ ವರ್ಷ ತಾರೀಕು ಬದಲಾಗೋ ಕಾಲ ಅದು. ಎರಡು ಶತಮಾನ ಪಾದ್ರಿಯ ಮುಖ ನೋಡದ ಹಳ್ಳಿ, ಅಪ್ಪ ಮಗನಿಗೆ, ಮಗ ಮೊಮ್ಮಗನಿಗೆ ಹೇಳ್ತಾ ಒಂದು ದಿನವೂ ತಪ್ಪದ ಹಾಗೆ ಎಣಿಸಿತ್ತು.

ಭಾಗ 5/5

ಕಥೆ ಇಲ್ಲಿಗೆ ಸುಖವಾಗಿ ಮುಗೀಬೇಕಿತ್ತು. ಮುಗೀಲಿಲ್ಲ. ಗುಟ್ಟು ಹೊರಬಿದ್ದ ಮೇಲೆ ಉರಾಕಾಮಿಯ ಸುಮಾರು 3,400 ಮಂದಿಯನ್ನು ಮಕ್ಕಳು ಮುದುಕರು ಅನ್ನದೆ ದೇಶದ ಬೇರೆ ಬೇರೆ ಕಡೆ ಗಡೀಪಾರು ಮಾಡಿದ್ರು. 600ಕ್ಕೂ ಹೆಚ್ಚು ಜನ ಸತ್ತರು. 1873ರಲ್ಲಿ ನಿಷೇಧದ ಫಲಕಗಳನ್ನ ತೆಗೆದ ಮೇಲೆ ಉಳಿದವರು ಊರಿಗೆ ವಾಪಸ್ ಬಂದು, ಮುಂದೆ ತಮ್ಮದೇ ಚರ್ಚ್ ಕಟ್ಟಿದ್ರು.

ಆದ್ರೆ ಎಲ್ಲರೂ ಚರ್ಚ್‌ಗೆ ಮರಳಲಿಲ್ಲ. ಒಂದಷ್ಟು ಕುಟುಂಬಗಳು ಹಿಂದಿನ ಕೋಣೆಯ ಪೂಜೆಯನ್ನೇ ಮುಂದುವರಿಸಿದ್ವು. ಅಷ್ಟರಲ್ಲಿ ಒರಾಶೋದ ಎಷ್ಟೋ ಪದಗಳ ಅರ್ಥ ಹೇಳುವವರಿಗೇ ಮರೆತುಹೋಗಿತ್ತು. ಅಜ್ಜ ಹೇಳಿದ್ದು, ನಾವೂ ಹೇಳ್ತೀವಿ, ಅಷ್ಟೇ. ಕೆಲವರು ಇದನ್ನ ನಷ್ಟ ಅಂತಾರೆ. ನನಗೆ ಅರ್ಧ ಮಾತ್ರ ಹಾಗನ್ನಿಸುತ್ತೆ. ಮನೆಯವರು ಜೊತೆಗೆ ಕೂತು ಮಾಡಿದ ಅಭ್ಯಾಸ ಅರ್ಥ ಕಳೆದ್ರೂ ಬದುಕುತ್ತೆ ಅನ್ನೋದಕ್ಕೆ ಇದು ಸಾಕ್ಷಿ. ಹೇಳಿಕೊಡೋರು ಇಲ್ಲದೆ ಅರ್ಥ ಉಳಿಯಲ್ಲ ಅನ್ನೋದಕ್ಕೂ ಇದೇ ಸಾಕ್ಷಿ.

ಸರ್ಕಾರದ ಭಯಕ್ಕೆ ಅಳಿಯದೇ ಇದ್ದದ್ದು ಈಗ ಇಕಿತ್ಸುಕಿಯಲ್ಲಿ ಬೇರೆ ಕಾರಣಕ್ಕೆ ಕ್ಷೀಣಿಸ್ತಿದೆ. ಹುಡುಗ ಹುಡುಗಿಯರು ಕೆಲಸ ಹುಡುಕ್ಕೊಂಡು ಸಿಟಿಗೆ ಹೋಗಿದ್ದಾರೆ, ಒರಾಶೋ ಕಲಿಯೋಕೆ ಮನೇಲಿ ಯಾರೂ ಇಲ್ಲ. 2018ರಲ್ಲಿ ನಾಗಸಾಕಿ ಪ್ರದೇಶದ ಗುಪ್ತ ಕ್ರೈಸ್ತರ 12 ತಾಣಗಳಿಗೆ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿ ಜಾಗ ಸಿಕ್ತು. ಕಲ್ಲು, ಕಟ್ಟಡಕ್ಕೆ ಬೋರ್ಡ್ ಹಾಕಿ ಕಾಪಾಡಬಹುದು. ಅಜ್ಜಿ ಪಕ್ಕ ಕೂತು ಕಲಿಯೋದಕ್ಕೆ ಮೊಮ್ಮಕ್ಕಳೇ ಬೇಕು.

ನೀವು ಯಾವ ಧರ್ಮದವರಾದ್ರೂ ಸರಿ, ನಿಮ್ಮ ಮನೇಲಿ ಹಿರಿಯರು ಮಾಡ್ತಾ ಬಂದಿರೋ, ಆದ್ರೆ ಯಾಕೆ ಅಂತ ನೀವು ಇನ್ನೂ ಕೇಳದೇ ಇರೋ ಒಂದು ಆಚರಣೆ ಯಾವುದು? ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ. ಉತ್ತರ ಸಿಕ್ಕಿದ್ರೆ ಕಾಮೆಂಟ್‌ನಲ್ಲಿ ಬರೀರಿ, ನಾನೂ ಓದ್ತೀನಿ.

#ಇತಿಹಾಸ #ನಾಗಸಾಕಿ #ಮನೆಯೇಮೊದಲಪಾಠಶಾಲೆ